ಮಣ್ಣಿನ ವರದಿಯಲ್ಲಿ ಪೊಟ್ಯಾಷ್ ಇದ್ದಷ್ಟೇ ಇದೆ, ಹಾಗಾದ್ರೆ ಬೆಳೆ ತಿಂದದ್ದು ಎಲ್ಲಿಂದ?

ಪ್ರಶ್ನೆ: ಸರ್, ನಮ್ಮದು ತುಮಕೂರು ಜಿಲ್ಲೆ, ಕುಣಿಗಲ್ ಕಡೆ. ಮೂರು ಎಕರೆ ಕೆಂಪು ಮಣ್ಣು. ಮಳೆಗಾಲಕ್ಕೆ ರಾಗಿ, ಕೊಳವೆಬಾವಿಯಲ್ಲಿ ನೀರಿದ್ದ ವರ್ಷ ಮುಸುಕಿನ ಜೋಳ. ಅಪ್ಪನ ಕಾಲದಿಂದ ಡಿಎಪಿ, ಯೂರಿಯಾ ಹಾಕ್ತಾ ಬಂದಿದ್ದೀವಿ. ಪೊಟ್ಯಾಷ್ ಹಾಕಿದ್ದೇ ಇಲ್ಲ. ದನ ಇದ್ದಾಗ ತಿಪ್ಪೆ ಗೊಬ್ಬರ ಹೊಡೀತಿದ್ವಿ, ಹತ್ತು ವರ್ಷದಿಂದ ಅದೂ ಇಲ್ಲ. ಹುಲ್ಲನ್ನು ಕಟ್ಟು ಕಟ್ಟಿಸಿ ಮಾರಿಬಿಡ್ತೀವಿ. ಎಂಟು ವರ್ಷದ ಹಿಂದೆ ಮಣ್ಣು ಪರೀಕ್ಷೆ ಮಾಡಿಸಿದಾಗ ಪೊಟ್ಯಾಷ್ ಹೆಕ್ಟೇರಿಗೆ 205 ಕೆಜಿ, ‘ಮಧ್ಯಮ’ ಅಂತ ಬಂತು. ಈ ವರ್ಷ 190, ಈಗಲೂ ‘ಮಧ್ಯಮ’. ಅಂದ್ರೆ ಮಣ್ಣಲ್ಲಿ ಬೇಕಾದಷ್ಟಿದೆ ಅಂತಾನೇ ಅಲ್ವಾ? ಅಪ್ಪನೂ ಹಾಗೇ ಅಂತಾರೆ. ಆದ್ರೆ ಮೂರ್ನಾಲ್ಕು ವರ್ಷದಿಂದ ಕಾಳು ಜೊಳ್ಳು ಜಾಸ್ತಿ, ಪೈರು ಮಲಗಿಬಿಡುತ್ತೆ, ಹುಲ್ಲೂ ತೆಳ್ಳಗೆ. ಹಿರಿಯೂರಿನ ಹತ್ತಿರ ನಮ್ಮ ಭಾವನವರ ಎರೆ ಹೊಲ ಇದೆ. ಅವರೂ ಪೊಟ್ಯಾಷ್ ಹಾಕಲ್ಲ, ಹತ್ತಿ, ಕಡಲೆ ಚೆನ್ನಾಗೇ ಬರ್ತಿದೆ. ವರ್ಷಗಟ್ಟಲೆ ಗೊಬ್ಬರ ಹಾಕಿದ್ರೆ ಮಣ್ಣಿನ ಪೊಟ್ಯಾಷ್‌ಗೆ ಏನಾಗುತ್ತೆ? ನಾವು ಈಗ ಹಾಕಬೇಕಾ?

ಉತ್ತರ: ಹಾಕಬೇಕು. ಆದರೆ ನಿಮ್ಮ ವರದಿ ಹಾಗೆ ಹೇಳುತ್ತಿಲ್ಲವಲ್ಲ, ಮತ್ತೆ ಯಾಕೆ ಹಾಕಬೇಕು ಅನ್ನೋದನ್ನು ಮೊದಲು ನೋಡೋಣ. ನಿಮ್ಮ ಪ್ರಶ್ನೆಯ ಗಂಟು ಇರೋದೇ ಅಲ್ಲಿ.

ಒಂದು ಲೆಕ್ಕ ಹಾಕೋಣ. ನಿಮ್ಮ ಹೊಲದಲ್ಲಿ ಎಕರೆಗೆ 8 ಕ್ವಿಂಟಾಲ್ ಕಾಳು, 15 ಕ್ವಿಂಟಾಲ್ ಹುಲ್ಲು ಬಂತು ಅಂತ ಇಟ್ಟುಕೊಳ್ಳಿ. ರಾಗಿ ಕಾಳಿನಲ್ಲಿ ಪೊಟ್ಯಾಸಿಯಂ ಕಡಿಮೆ, ನೂರು ಕೆಜಿಗೆ ಅರ್ಧ ಕೆಜಿಗಿಂತ ಕೆಳಗೆ. ಹುಲ್ಲಿನಲ್ಲಿ ಜಾಸ್ತಿ, ನೂರು ಕೆಜಿಗೆ ಒಂದೂವರೆ ಕೆಜಿ ಆಸುಪಾಸು. ಗೊಬ್ಬರದ ಚೀಲದ ಮೇಲೆ ಬರೆಯುವ ಪೊಟ್ಯಾಷ್ ಲೆಕ್ಕಕ್ಕೆ (ಪೊಟ್ಯಾಸಿಯಂನ 1.2 ಪಟ್ಟು) ತಿರುಗಿಸಿದರೆ ಕಾಳಿನಲ್ಲಿ ಹೋದದ್ದು 4 ಕೆಜಿ, ಹುಲ್ಲಿನಲ್ಲಿ ಹೋದದ್ದು 27 ಕೆಜಿ. ಒಟ್ಟು 30 ಕೆಜಿ ಅನ್ನೋಣ. ನಿಮ್ಮ ಎರಡು ಪರೀಕ್ಷೆಗಳ ನಡುವಿನ ಎಂಟು ವರ್ಷದಲ್ಲಿ ಎರಡು ವರ್ಷ ಬರಕ್ಕೆ ಬಿಡಿ. ಆರು ರಾಗಿ ಬೆಳೆಗೆ 180 ಕೆಜಿ ಪೊಟ್ಯಾಷ್ ನಿಮ್ಮ ಒಂದೊಂದು ಎಕರೆಯಿಂದ ಗಾಡಿ ಹತ್ತಿ ಹೋಗಿದೆ. ಮುಸುಕಿನ ಜೋಳದ ಲೆಕ್ಕ ನಾನು ಹಿಡಿದೇ ಇಲ್ಲ.

ಈಗ ವರದಿ ನೋಡಿ. 205 ಇದ್ದದ್ದು 190 ಆಗಿದೆ. ಹೆಕ್ಟೇರಿಗೆ 15 ಕೆಜಿ, ಎಕರೆಗೆ 6 ಕೆಜಿ ಇಳಿದಿದೆ. ಹೋದದ್ದು 180, ವರದಿಯಲ್ಲಿ ಕಡಿಮೆಯಾದದ್ದು 6. ನೀವು ಹೊರಗಿನಿಂದ ಏನೂ ಹಾಕಿಲ್ಲ. ಕೊಳವೆಬಾವಿ ನೀರಿನಲ್ಲಿ ಸ್ವಲ್ಪ ಬಂದಿರಬಹುದು, ಅದೂ ನೀರು ಕಟ್ಟಿದ ವರ್ಷ ಮಾತ್ರ. ಹಾಗಾದರೆ ಮಿಕ್ಕಿದ್ದು ಎಲ್ಲಿಂದ ಬಂತು?

ಹಳೇ ಮೈಸೂರಿನವರಿಗೆ ಇದನ್ನು ಹೇಳೋದು ಸುಲಭ. ಹಿಂದೆ ರಾಗಿಯನ್ನು ಹಗೇವಿನಲ್ಲಿ ಹಾಕುತ್ತಿದ್ದರಲ್ಲ? ನೆಲದೊಳಗೆ ತೋಡಿದ ಕಣಜ. ಅಡುಗೆಮನೆಯಲ್ಲಿ ಒಂದು ಗುಡಾಣ, ಅಂದರೆ ದೊಡ್ಡ ಮಡಕೆ. ದಿನಾ ಬೀಸೋದಕ್ಕೆ ಗುಡಾಣದಿಂದ ತೆಗೀತಾರೆ. ಅದು ಖಾಲಿಯಾಗುತ್ತಾ ಬಂದರೆ ಹಗೇವು ತೆಗೆದು ತುಂಬಿಸುತ್ತಾರೆ. ಯಾರಾದರೂ ಬಂದು ಗುಡಾಣವನ್ನಷ್ಟೇ ಇಣುಕಿ ನೋಡಿದರೆ ಪ್ರತಿ ಸಲವೂ ಅರ್ಧ ತುಂಬಿರುತ್ತೆ. ಮನೆಯಲ್ಲಿ ರಾಗಿಗೆ ತೊಂದರೆ ಇಲ್ಲ ಅಂತ ಬರೆದುಕೊಂಡು ಹೋಗುತ್ತಾರೆ. ಹಗೇವಿನ ತಳ ಕಾಣಿಸುತ್ತಿರೋದು ಅವರಿಗೆ ಗೊತ್ತಾಗೋದಿಲ್ಲ.

ಮಣ್ಣು ಪರೀಕ್ಷೆ ನೋಡೋದು ಗುಡಾಣವನ್ನು ಮಾತ್ರ.

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ ಅಂದರೆ, ನಿಮ್ಮ ಮಣ್ಣು 5 ಗ್ರಾಂ ತೂಗಿ, ಅದಕ್ಕೆ 25 ಮಿಲಿ ಅಮೋನಿಯಂ ಅಸಿಟೇಟ್ ದ್ರಾವಣ ಹಾಕಿ ಐದು ನಿಮಿಷ ಅಲುಗಾಡಿಸುತ್ತಾರೆ. ಮಣ್ಣಿನ ಕಣದ ಮೈಗೆ ಸುಮ್ನೆ ಅಂಟಿಕೊಂಡಿರುವ ಪೊಟ್ಯಾಸಿಯಂ ಅಷ್ಟಕ್ಕೇ ಬಿಟ್ಟು ಬರುತ್ತೆ. ಸೋಸಿದ ನೀರನ್ನು ಫ್ಲೇಮ್ ಫೋಟೋಮೀಟರ್‌ಗೆ ಕೊಡುತ್ತಾರೆ. ಪೊಟ್ಯಾಸಿಯಂ ಉರಿದರೆ ಜ್ವಾಲೆಗೆ ತಿಳಿ ನೇರಳೆ ಬಣ್ಣ ಬರುತ್ತೆ. ಯಂತ್ರ ಆ ಬೆಳಕನ್ನು ಅಳೆದು ಸಂಖ್ಯೆ ಕೊಡುತ್ತೆ. ನಿಮ್ಮ 190 ಬಂದದ್ದು ಹೀಗೆ.

ಇನ್ನೊಂದು ಪರೀಕ್ಷೆ ಇದೆ. ಅದೇ ಮಣ್ಣನ್ನು ನೈಟ್ರಿಕ್ ಆಮ್ಲದಲ್ಲಿ ಹತ್ತು ನಿಮಿಷ ಕುದಿಸೋದು. ಮೂಗಿಗೆ ಚುರ್ ಅನ್ನುವ ಹೊಗೆ ಬರುತ್ತೆ, ಕೆಲಸವೂ ನಿಧಾನ. ಹಾಗಾಗಿ ರೈತರ ಮಣ್ಣಿಗೆ ಮಾಮೂಲಿಯಾಗಿ ಯಾರೂ ಇದನ್ನು ಮಾಡೋದಿಲ್ಲ. ಆದರೆ ಹಗೇವಿನಲ್ಲಿ ಎಷ್ಟಿದೆ ಅಂತ ಸುಮಾರಾಗಿ ಗೊತ್ತಾಗೋದು ಇದರಿಂದಲೇ. ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಭಾಗದಲ್ಲಿ ಕೇಳಿ ನೋಡಿ. ಎರಡನ್ನೂ ಮಾಡಿಸಿಕೊಂಡವರು ಪುಣ್ಯವಂತರು.

ಈ ಹಗೇವು ಮಣ್ಣಲ್ಲಿ ಎಲ್ಲಿದೆ? ಚಿಕ್ಕವರಿದ್ದಾಗ ನೀವು ಕಾಗೆಬಂಗಾರ ಆಯ್ದಿರುತ್ತೀರಿ. ಬಂಡೆ ಪಕ್ಕ ಮಿರಮಿರ ಹೊಳೆಯುವ, ಉಗುರಿನಲ್ಲಿ ಕೆದಕಿದರೆ ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುವ ಕಲ್ಲು. ಅದೇ ಅಭ್ರಕ. ಆ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರೋದು ಪೊಟ್ಯಾಸಿಯಂ. ಹಾಳೆಯ ಮೈಮೇಲಿನ ಗುಳಿಗಳಿಗೂ ಪೊಟ್ಯಾಸಿಯಂ ಅಯಾನಿನ ಗಾತ್ರಕ್ಕೂ ಅಚ್ಚು ಹೊಯ್ದಂಥ ಹೊಂದಾಣಿಕೆ. ಕಾಗೆಬಂಗಾರ ಸಾವಿರಾರು ವರ್ಷ ಬಿಸಿಲು ಮಳೆಗೆ ಸವೆದು ಜೇಡಿಯಾದಾಗಲೂ ಆ ಹಾಳೆಗಳ ನಡುವೆ ಒಂದಷ್ಟು ಪೊಟ್ಯಾಸಿಯಂ ಉಳಿದಿರುತ್ತೆ. ಬೇರಿನ ಸುತ್ತಲ ನೀರಿನಲ್ಲಿ ಪೊಟ್ಯಾಸಿಯಂ ಕಡಿಮೆಯಾದಾಗ ಹಾಳೆಯ ಅಂಚು ಮೆಲ್ಲಗೆ ಬಾಯಿ ಬಿಡುತ್ತೆ, ಒಳಗಿನದು ಒಂದೊಂದೇ ಹೊರಬರುತ್ತೆ. ಅಂಚಿನದು ಬೇಗ ಸಿಗುತ್ತೆ. ಒಳಗೆ ಹೋದಷ್ಟೂ ತಡವಾಗುತ್ತೆ.

ಕೊನೆಗೆ ಆಗುವ ತೊಂದರೆ ಈ ತಡವೇ. ರಾಗಿ ನಾಟಿಯಾಗಿ ಒಂದೂವರೆ ಎರಡು ತಿಂಗಳಲ್ಲಿ ತೆಂಡೆ ಒಡೆದು ದೇಟು ಬಲಿಯುವಾಗ ಪೈರಿಗೆ ಪೊಟ್ಯಾಷ್ ಒಟ್ಟಿಗೇ ಬೇಕು. ಹಗೇವು ಕೊಡುತ್ತೆ, ಆದರೆ ತನ್ನ ವೇಗದಲ್ಲಿ ಕೊಡುತ್ತೆ. ಸುಗ್ಗಿ ಮುಗಿದು ಹೊಲ ಐದಾರು ತಿಂಗಳು ಖಾಲಿ ಬಿದ್ದಿರುತ್ತಲ್ಲ, ಆಗ ಗುಡಾಣ ಮತ್ತೆ ತುಂಬಿಕೊಳ್ಳುತ್ತೆ. ನೀವು ಮಣ್ಣು ತೆಗೆಯೋದು ಯಾವಾಗ? ಬೇಸಿಗೆಯಲ್ಲಿ, ಉಳುಮೆಗೆ ಮುಂಚೆ. ವರದಿ ‘ಮಧ್ಯಮ’ ಅನ್ನದೆ ಇನ್ನೇನು ಅನ್ನುತ್ತೆ?

ಇದು ಬರೀ ನನ್ನ ಊಹೆ ಅಲ್ಲ. ಒಂದೇ ಹೊಲ, ಒಂದೇ ಬೆಳೆ, ಒಂದೇ ಗೊಬ್ಬರ, ಹತ್ತಾರು ವರ್ಷ ಬದಲಾಯಿಸದೆ ನೋಡುವ ಪ್ರಯೋಗಗಳು ಇವೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಗೋಧಿ ಹೊಲ ಇನ್ನೂ ನಡೀತಿದೆ. ಪಕ್ಕದ ಕೊಯಮತ್ತೂರಿನಲ್ಲಿ 1909ರಿಂದ ಒಂದು ಇದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1970ರಲ್ಲಿ ದೇಶದ ಬೇರೆ ಬೇರೆ ಮಣ್ಣುಗಳಲ್ಲಿ ಇಂಥದ್ದನ್ನು ಶುರು ಮಾಡಿತು. ನಮ್ಮ ಕರ್ನಾಟಕಕ್ಕೂ ಈ ಚಟ ಹಳೆಯದೇ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕಾಲದಲ್ಲಿ ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು, ಲೇಮನ್ ಎಂಬ ವಿಜ್ಞಾನಿಯ ಕೈಲಿ ಮಣ್ಣಿಗೂ ಬೆಳೆಗೂ ಇರುವ ಸಂಬಂಧ ನೋಡಿಸೋದಕ್ಕೆ ಶುರು ಮಾಡಿದ್ದರು. ಈಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೆಂಪು ಮಣ್ಣಿನಲ್ಲಿ ಎರಡು ಪ್ರಯೋಗಗಳು ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತವೆ. ಒಂದು 1978ರಿಂದ ಮಳೆಯಾಶ್ರಯದ ರಾಗಿಯಲ್ಲಿ. ಇನ್ನೊಂದು 1986ರಿಂದ ರಾಗಿ ಮತ್ತು ಮುಸುಕಿನ ಜೋಳದಲ್ಲಿ. ನಿಮ್ಮ ಹೊಲದ್ದೇ ಕಥೆ, ಅಲ್ವಾ?

ಅಲ್ಲಿ ಒಂದು ತಾಕಿಗೆ ಸಾರಜನಕ, ರಂಜಕ, ಪೊಟ್ಯಾಷ್ ಮೂರನ್ನೂ ಕೊಡುತ್ತಾರೆ. ಇನ್ನೊಂದಕ್ಕೆ ಸಾರಜನಕ, ರಂಜಕ ಮಾತ್ರ, ಅಂದರೆ ನಿಮ್ಮ ಡಿಎಪಿ ಯೂರಿಯಾ ಥರ. ಮತ್ತೊಂದಕ್ಕೆ ಬರೀ ಸಾರಜನಕ. ಇನ್ನೊಂದಕ್ಕೆ ಮೂರರ ಜೊತೆ ಕೊಟ್ಟಿಗೆ ಗೊಬ್ಬರ. ಒಂದಕ್ಕೆ ಏನೂ ಇಲ್ಲ. ಪೊಟ್ಯಾಷ್ ಬಿಟ್ಟ ತಾಕಿನ ಬದುವಿನ ಮೇಲೆ ನಿಂತು ನೋಡಿದರೆ ಮೊದಲು ಏನೂ ಗೊತ್ತಾಗೋದಿಲ್ಲ. ಪೈರು ಹಸಿರಾಗೇ ಇರುತ್ತೆ. ಬಗ್ಗಿ ಕೆಳಗಿನ ಎಲೆ ಹಿಡಿದು ನೋಡಬೇಕು. ತುದಿಯಿಂದ ಶುರುವಾಗಿ ಎರಡೂ ಅಂಚಿನಲ್ಲಿ ಹಳದಿ, ಆಮೇಲೆ ದೋಸೆಯ ಅಂಚು ಸೀದ ಹಾಗೆ ಕಂದು. ನಡುವಿನ ನರದ ಪಕ್ಕ ಇನ್ನೂ ಹಸಿರು. ಪೊಟ್ಯಾಸಿಯಂ ಸಾಲದಾದಾಗ ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕಳಿಸುತ್ತೆ. ಅದಕ್ಕೇ ಮೇಲೆ ಚೆಂದ, ಕೆಳಗೆ ಸೀದದ್ದು. ದಾರೀಲಿ ಬೈಕ್ ಮೇಲೆ ಹೋಗ್ತಾ ಹೊಲ ನೋಡುವವರಿಗೆ ಇದು ಕಾಣೋದೇ ಇಲ್ಲ.

ಪೊಟ್ಯಾಷ್ ಬಿಟ್ಟ ತಾಕುಗಳಲ್ಲಿ ಗುಡಾಣವೂ ಇಳಿಯಿತು, ಹಗೇವೂ ಇಳಿಯಿತು. ಇದು ಯಾರಾದರೂ ನಿರೀಕ್ಷಿಸಬಹುದಾದ ಮಾತು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಶಿಫಾರಸು ಮಾಡಿದಷ್ಟು ಪೊಟ್ಯಾಷ್ ಕೊಟ್ಟ ಕಡೆಯೂ ಎಷ್ಟೋ ಪ್ರಯೋಗಗಳಲ್ಲಿ ಬೆಳೆ ತೆಗೆದುಕೊಂಡದ್ದು ಕೊಟ್ಟದ್ದಕ್ಕಿಂತ ಜಾಸ್ತಿ ಇದೆ. 1978ರ ರಾಗಿ ಪ್ರಯೋಗದಲ್ಲಿ ಪೊಟ್ಯಾಷ್ ಹೆಕ್ಟೇರಿಗೆ 25 ಕೆಜಿ, ಅಂದರೆ ಎಕರೆಗೆ 10. ನಿಮ್ಮ ಹೊಲದಿಂದ ಒಂದು ಬೆಳೆಗೆ ಹೋಗುತ್ತಿರೋದು 30 ಅಂತ ಆಗಲೇ ನೋಡಿದೆವು. ಅದೇ ಪ್ರಯೋಗದಲ್ಲಿ ಇದರ ಜೊತೆಗೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಬಿದ್ದ ತಾಕುಗಳು ವರ್ಷಾನುಗಟ್ಟಲೆ ಮುಂದೇ ಇವೆ. ಅಷ್ಟು ಗೊಬ್ಬರದಲ್ಲೇ 50 ಕೆಜಿ ಆಸುಪಾಸು ಪೊಟ್ಯಾಷ್ ಇರುತ್ತೆ. ಸಾವಯವ ಅಂಶ, ಸಣ್ಣ ಪೋಷಕಗಳು ಎಲ್ಲಾ ಸೇರಿ ಆ ಫಲ ಬಂದಿದೆ, ನಿಜ. ಆದರೆ ಅದರಲ್ಲಿ ಈ 50 ಕೆಜಿಯ ಪಾಲನ್ನು ಮರೆಯಬಾರದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ‘ಗೌರ್ಮೆಂಟ್ ಗೊಬ್ಬರ ಹಾಕಿ ಹಾಕಿ ಮಣ್ಣು ಸುಟ್ಟುಹೋಯ್ತು’ ಅಂತ ಊರಲ್ಲಿ ಹೇಳ್ತಾರಲ್ಲ, ಯೂರಿಯಾ ಪೊಟ್ಯಾಷನ್ನು ಸುಡೋದಿಲ್ಲ. ನಡೆಯೋದು ಇನ್ನೂ ಸರಳ. ಸಾರಜನಕ, ರಂಜಕ ಸಿಕ್ಕ ಬೆಳೆ ಚೆನ್ನಾಗಿ ಬರುತ್ತೆ. ಎರಡರಷ್ಟು ಹುಲ್ಲು ಬಂದರೆ ಎರಡರಷ್ಟು ಪೊಟ್ಯಾಷ್ ಮೇಲೆದ್ದಿದೆ ಅಂತ ಅರ್ಥ. ಏನೂ ಹಾಕದ ತಾಕಿಗಿಂತ ಡಿಎಪಿ ಯೂರಿಯಾ ಹಾಕಿದ ತಾಕಿನಲ್ಲೇ ಹಗೇವು ಬೇಗ ಖಾಲಿಯಾಗೋದು ಇದಕ್ಕೇ. ಏನೂ ಹಾಕದವನು ಬಡವ, ಆದರೆ ಸಾಲ ಮಾಡಿಲ್ಲ. ನೀವು ಬೆಳೆ ತೆಗೆದಿರಿ, ಸಾಲವನ್ನು ಮಣ್ಣಿನ ಹೆಸರಲ್ಲಿ ಬರೆದಿರಿ.

ಕೆಂಪು ಮಣ್ಣಿಗೆ ಇನ್ನೊಂದು ಏಟು ಇದೆ. ಯೂರಿಯಾ ವರ್ಷವರ್ಷ ಬಿದ್ದು ಮಣ್ಣು ಹುಳಿಯಾಗುತ್ತಾ ಹೋಗುತ್ತೆ. ಜಿಕೆವಿಕೆಯಲ್ಲಿ ಬರೀ ಸಾರಜನಕ ಕೊಟ್ಟ ತಾಕಿನಲ್ಲಿ ರಸಸಾರ (ಪಿಎಚ್) ಇಳಿದು ಇಳುವರಿ ನೆಲ ಕಚ್ಚಿತು. ಹುಳಿ ಮಣ್ಣಿನಲ್ಲಿ ಪೊಟ್ಯಾಸಿಯಂ ಕೂರಬೇಕಾದ ಜಾಗದಲ್ಲಿ ಅಲ್ಯೂಮಿನಿಯಂ ಬಂದು ಕೂರುತ್ತೆ. ಜಾಗ ಕಳೆದುಕೊಂಡದ್ದು ಜೋರು ಮಳೆಗೆ ಬೇರಿನ ಕೆಳಗೆ ಇಳಿದು ಹೋಗುತ್ತೆ. ನಿಮ್ಮ ವರದಿಯಲ್ಲಿ ರಸಸಾರ ಎಷ್ಟಿದೆ ಅಂತ ನೀವು ಬರೆದಿಲ್ಲ. 5.5ಕ್ಕಿಂತ ಕೆಳಗಿದ್ದರೆ ಪೊಟ್ಯಾಷ್‌ಗೆ ಮುಂಚೆ ಕೃಷಿ ಸುಣ್ಣದ ಮಾತಾಡಬೇಕಾಗುತ್ತೆ.

ಇನ್ನು ಭಾವನವರ ಎರೆ ಹೊಲ. ಅದನ್ನು ನಿಮ್ಮ ಹೊಲದ ಜೊತೆ ಹೋಲಿಸೋದೇ ತಪ್ಪು. ನಿಮ್ಮ ಕೆಂಪು ಮಣ್ಣಿನ ಜೇಡಿ ಹೆಚ್ಚಾಗಿ ಕೇಯೊಲಿನೈಟ್. ಅದರ ಹಾಳೆಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿರುತ್ತವೆ, ನಡುವೆ ಜಾಗವೇ ಇಲ್ಲ. ನಿಮ್ಮದು ಗುಡಾಣವೂ ಚಿಕ್ಕದು, ಹಗೇವೂ ಚಿಕ್ಕದು. ಎರೆ ಮಣ್ಣಿನ ಜೇಡಿ ಸ್ಮೆಕ್ಟೈಟ್. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕಾಲು ಹೋಗುವಷ್ಟು ಬಿರುಕು ಬಿಡುತ್ತೆ. ಅದಕ್ಕೆ ಹಿಡಿದಿಡುವ ಶಕ್ತಿ ಬಹಳ. ಅಲ್ಲಿ ವರದಿಯಲ್ಲಿ 400, 500 ಬರೋದು ಸಾಮಾನ್ಯ. ಅವರದು ದೊಡ್ಡ ಗುಡಾಣ. ಜೊತೆಗೆ ಕಡಲೆ ಬೆಳೆ ಎತ್ತಿಕೊಳ್ಳೋದು ಕಮ್ಮಿ, ಹತ್ತಿಯ ಎಲೆ ಉದುರಿ ಹೊಲಕ್ಕೇ ಬೀಳುತ್ತೆ. ಹುಲ್ಲು ಮಾರುವ ವ್ಯವಹಾರ ಅಲ್ಲಿಲ್ಲ.

ಹಾಗಂತ ಭಾವನವರೂ ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಎರೆ ಮಣ್ಣು ಪೊಟ್ಯಾಸಿಯಂ ಅನ್ನು ಬಿಗಿಯಾಗಿ ಹಿಡಿದಿರುತ್ತೆ, ಸುಲಭಕ್ಕೆ ಬಿಡೋದಿಲ್ಲ. ಕೆಂಪು ಮಣ್ಣಿನಲ್ಲಿ 250 ಬಂದರೆ ಪೈರಿಗೆ ಸಿಗುವಷ್ಟು ಎರೆಯ 250ರಲ್ಲಿ ಸಿಗೋದಿಲ್ಲ. ಸಿಂಧೂ-ಗಂಗಾ ಬಯಲಿನ ಮೆಕ್ಕಲು ಮಣ್ಣಿನದು ಇದರ ತಿರುಗುಮುರುಗು. ಅಲ್ಲಿ ಗುಡಾಣ ಚಿಕ್ಕದು, ಹಗೇವು ಭಾರೀ ದೊಡ್ಡದು, ಯಾಕಂದರೆ ಕಾಗೆಬಂಗಾರದ ಜೇಡಿ ಅಲ್ಲಿ ಧಾರಾಳ. ಪಂಜಾಬಿನಲ್ಲಿ ದಶಕಗಟ್ಟಲೆ ಪೊಟ್ಯಾಷ್ ಹಾಕದೆ ಭತ್ತ, ಗೋಧಿ ಬೆಳೆದದ್ದು ಆ ಹಗೇವಿನ ಮೇಲೆ. ಅಲ್ಲಿಯ ಅನುಭವವನ್ನು ನೋಡಿ ‘ಭಾರತದ ಮಣ್ಣಿಗೆ ಪೊಟ್ಯಾಷ್ ಬೇಕಾಗಿಲ್ಲ’ ಅಂತ ಒಂದು ಮಾತು ಹುಟ್ಟಿಕೊಂಡಿತು. ಅದು ನಿಮ್ಮ ಕುಣಿಗಲ್ ಹೊಲಕ್ಕೆ ಹೊಂದುವ ಮಾತಲ್ಲ.

ಪೊಟ್ಯಾಷ್ ಬಿಟ್ಟುಹೋಗೋದಕ್ಕೆ ದುಡ್ಡಿನ ಕಾರಣವೂ ಇದೆ. ನಾವು ಹಾಕುವ ಪೊಟ್ಯಾಷ್ ಗೊಬ್ಬರ ಹೆಚ್ಚುಕಡಿಮೆ ಎಲ್ಲಾ ಹೊರದೇಶದಿಂದಲೇ ಬರಬೇಕು. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟರು. ಅದಕ್ಕೆ ಮುಂಚೆ 50 ಕೆಜಿ ಪೊಟ್ಯಾಷ್ ಮೂಟೆ 225 ರೂಪಾಯಿ ಒಳಗೆ ಸಿಗುತ್ತಿತ್ತು, ಎರಡು ಮೂರು ವರ್ಷದಲ್ಲಿ 800ರ ಹತ್ತಿರ ಹೋಯಿತು. ಇತ್ತೀಚೆಗೆ 1,500 ದಾಟಿದೆ. ಯೂರಿಯಾ ಬೆಲೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ರೈತ ಯಾವುದನ್ನು ಬಿಡುತ್ತಾನೆ ಹೇಳಿ? ಇನ್ನು ಅಂಗಡಿಯಲ್ಲಿ ‘20-20 ಕಾಂಪ್ಲೆಕ್ಸ್ ತಗೊಳ್ಳಿ, ಎಲ್ಲಾ ಇದೆ’ ಅಂತ ಕೊಡುತ್ತಾರೆ. ಚೀಲ ತಿರುಗಿಸಿ ನೋಡಿ, 20-20-0-13 ಅಂತ ಇರುತ್ತೆ. ಮೂರನೇ ಸಂಖ್ಯೆಯೇ ಪೊಟ್ಯಾಷ್, ಅದು ಸೊನ್ನೆ. ಕೊನೆಯ 13 ಗಂಧಕ. ನೀವು ಹಾಕುವ ಡಿಎಪಿ 18-46-0. ಅಲ್ಲೂ ಸೊನ್ನೆಯೇ. 17-17-17 ಅಥವಾ 10-26-26 ಆದರೆ ಮೂರೂ ಇರುತ್ತವೆ.

ಸರಿ, ಈಗ ಏನು ಮಾಡೋದು?

ಮೊದಲು ಎರಡೂ ವರದಿ ಒಂದೇ ಲೆಕ್ಕದವಾ ನೋಡಿ. ಕೆಲವು ಕಡೆ ಪೊಟ್ಯಾಸಿಯಂ ಅಂತ ಕೊಡುತ್ತಾರೆ, ಕೆಲವು ಕಡೆ ಪೊಟ್ಯಾಷ್ ಅಂತ. ಮೊದಲನೆಯದನ್ನು 1.2ರಿಂದ ಗುಣಿಸಿದರೆ ಎರಡನೆಯದು ಬರುತ್ತೆ. ಹಳೆಯ 205 ಪೊಟ್ಯಾಸಿಯಂ ಆಗಿದ್ದು, ಹೊಸ 190 ಪೊಟ್ಯಾಷ್ ಆಗಿದ್ದರೆ ನಿಮ್ಮ ಗುಡಾಣವೇ ಚೆನ್ನಾಗಿ ಇಳಿದಿದೆ ಅಂತ ಆಯ್ತು. ಹಿಂದೊಮ್ಮೆ ನಾನು ಒಂದೇ ಬಕೆಟ್ಟಿನ ಮಣ್ಣನ್ನು ಎರಡು ಪೊಟ್ಟಣ ಮಾಡಿ, ಎರಡು ಹೆಸರಲ್ಲಿ ಒಂದೇ ಕಡೆ ಕಳಿಸಿದ್ದೆ. ಒಂದಕ್ಕೆ 160 ಬಂತು, ಇನ್ನೊಂದಕ್ಕೆ 210. ಅಂದಿನಿಂದ ಹತ್ತಿಪ್ಪತ್ತರ ಏರಿಳಿತಕ್ಕೆ ನಾನು ತಲೆ ಕೆಡಿಸಿಕೊಳ್ಳೋದಿಲ್ಲ.

ಆಮೇಲೆ ಹುಲ್ಲು. 15 ಕ್ವಿಂಟಾಲ್ ಹುಲ್ಲು ಮಾರಿದಾಗ ಅದರ ಜೊತೆ ಹೆಚ್ಚುಕಡಿಮೆ ಒಂದು ಮೂಟೆ ಪೊಟ್ಯಾಷ್ ಕೊಟ್ಟು ಕಳಿಸಿದ ಹಾಗೆ. 50 ಕೆಜಿಯ ಒಂದು ಮೂಟೆ ಗೊಬ್ಬರದಲ್ಲಿ ಇರೋದು 30 ಕೆಜಿ ಪೊಟ್ಯಾಷ್, ಹುಲ್ಲಿನಲ್ಲಿ 27. ಮಾರಬೇಡಿ ಅಂತ ನಾನು ಹೇಳೋದಿಲ್ಲ, ಮೇವಿಗೆ ಬೆಲೆ ಇರುವಾಗ ಯಾರು ಬಿಡ್ತಾರೆ? ಆದರೆ ಹುಲ್ಲಿನ ದುಡ್ಡಲ್ಲಿ ಒಂದು ಮೂಟೆಯ ದುಡ್ಡು ಹೊಲದ್ದು ಅಂತ ತೆಗೆದಿಡಿ. ಕೊಯ್ದು ಹಾಕಿದ ಹುಲ್ಲು ಮಳೆಗೆ ಸಿಕ್ಕಿದರೆ ಮೇವಿನ ಲೆಕ್ಕದಲ್ಲಿ ನಷ್ಟ, ಹೊಲದ ಲೆಕ್ಕದಲ್ಲಿ ಲಾಭ. ಪೊಟ್ಯಾಸಿಯಂ ಗಿಡದೊಳಗೆ ಯಾವುದಕ್ಕೂ ಗಟ್ಟಿಯಾಗಿ ಕಟ್ಟಿಕೊಂಡಿರೋದಿಲ್ಲ. ಒಂದು ಮಳೆಗೆ ತೊಳೆದು ಮಣ್ಣಿಗೆ ಬರುತ್ತೆ.

ಇದೇ ಕಾರಣಕ್ಕೆ ತಿಪ್ಪೆಯೂ ಮೋಸ ಮಾಡುತ್ತೆ. ದನ ತಿಂದ ಪೊಟ್ಯಾಷ್‌ನ ದೊಡ್ಡ ಪಾಲು ಹೋಗೋದು ಗಂಜಳದಲ್ಲಿ, ಸಗಣಿಯಲ್ಲಿ ಅಲ್ಲ. ಗಂಜಳ ಚರಂಡಿಗೆ ಹೋಯ್ತು ಅಂದರೆ ಪೊಟ್ಯಾಷ್ ಹೋಯ್ತು. ಬಯಲು ತಿಪ್ಪೆಯಿಂದ ಮಳೆಗಾಲದಲ್ಲಿ ಟೀ ಡಿಕಾಕ್ಷನ್ ಥರ ಕಪ್ಪು ನೀರು ಹರಿಯುತ್ತಲ್ಲ, ಅದರಲ್ಲೂ ಹೋಗೋದು ಅದೇ. ನಿಮ್ಮಲ್ಲಿ ದನ ಇಲ್ಲ ಅಂದಿರಿ. ಬೇಸಿಗೆಯಲ್ಲಿ ಕುರಿ ಮಂದೆ ತರುಬಿಸುವವರು ನಿಮ್ಮ ಕಡೆ ಇನ್ನೂ ಬರುತ್ತಾರಾ? ಬಂದರೆ ಬಿಡಬೇಡಿ. ಮಂದೆಯಲ್ಲಿ ಹಿಕ್ಕೆಯೂ ಗಂಜಳವೂ ನೇರ ಹೊಲಕ್ಕೇ ಬೀಳುತ್ತೆ, ನಡುವೆ ಚರಂಡಿ ಇಲ್ಲ. ಕೆರೆ ಗೋಡು ಸಿಕ್ಕಿದರೆ ಅದೂ ಒಳ್ಳೆಯದು. ಅದರ ಜೇಡಿ ನಿಮ್ಮ ಮಣ್ಣಿಗೆ ಹಿಡಿದಿಡುವ ಶಕ್ತಿ ಕೊಡುತ್ತೆ, ಗುಡಾಣವನ್ನೇ ಸ್ವಲ್ಪ ದೊಡ್ಡದು ಮಾಡಿದ ಹಾಗೆ.

ಒಲೆ ಬೂದಿ ಇದ್ದರೆ ಅದೂ ಪೊಟ್ಯಾಷೇ. ಪೊಟ್ಯಾಷ್ ಅನ್ನೋ ಹೆಸರು ಬಂದದ್ದೇ ಹಾಗೆ. ಹಿಂದೆ ಯುರೋಪಿನಲ್ಲಿ ಸೌದೆ ಬೂದಿಯನ್ನು ನೀರಲ್ಲಿ ಕಲಸಿ, ಸೋಸಿ, ಮಡಕೆಯಲ್ಲಿ ಬತ್ತಿಸಿ ತೆಗೆಯುತ್ತಿದ್ದರು. ಮಡಕೆ ಬೂದಿ ಅನ್ನೋದೇ ಆ ಪದದ ಅರ್ಥ. ಬೂದಿ ಹುಳಿ ಮಣ್ಣಿಗೂ ಒಳ್ಳೆಯದು. ಯೂರಿಯಾ ಜೊತೆ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಆದರೆ ಈಗ ಎಲ್ಲರ ಮನೆಯಲ್ಲೂ ಗ್ಯಾಸು, ಮೂರು ಎಕರೆಗೆ ಆಗುವಷ್ಟು ಬೂದಿ ಎಲ್ಲಿಂದ ತರ್ತೀರಿ?

ಹಾಗಾಗಿ ಮೂಟೆ ತರಲೇಬೇಕು. ಮಳೆಯಾಶ್ರಯದ ರಾಗಿಗೆ ಶಿಫಾರಸು ಎಕರೆಗೆ ಅರ್ಧ ಮೂಟೆ ಆಸುಪಾಸು ಬರುತ್ತೆ. ಹುಲ್ಲನ್ನೂ ಮಾರುವ, ಕೊಟ್ಟಿಗೆ ಗೊಬ್ಬರವೂ ಹಾಕದ ನಿಮಗೆ ಎಕರೆಗೆ ಒಂದು ಮೂಟೆ ಅಂತ ನನ್ನ ಅಭಿಪ್ರಾಯ. ಒಟ್ಟಿಗೇ ಸುರಿಯಬೇಡಿ. ಕೆಂಪು ಮಣ್ಣು ಹಿಡಿದಿಟ್ಟುಕೊಳ್ಳೋದಿಲ್ಲ, ದೊಡ್ಡ ಮಳೆ ಬಂದರೆ ಕೆಳಗೆ ಹೋಗುತ್ತೆ. ಅರ್ಧ ಬಿತ್ತನೆ ಹೊತ್ತಿಗೆ ತಳಗೊಬ್ಬರವಾಗಿ, ಇನ್ನರ್ಧ 30 ದಿನಕ್ಕೆ ಯೂರಿಯಾ ಮೇಲುಗೊಬ್ಬರ ಕೊಡುವಾಗ.

ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದು ಅಂದುಕೊಳ್ಳಬೇಡಿ. ಗಿಡಕ್ಕೆ ಪೊಟ್ಯಾಸಿಯಂ ಎದುರಿಗಿದ್ದರೆ ಬೇಕಿಲ್ಲದಿದ್ದರೂ ತಿನ್ನುವ ಚಪಲ. ತಿಂದದ್ದೆಲ್ಲ ಹುಲ್ಲಿಗೆ ಹೋಗಿ ಸೇರುತ್ತೆ, ಹುಲ್ಲು ನೀವು ಮಾರ್ತೀರಿ. ಡ್ರಿಪ್‌ನಲ್ಲಿ ವರ್ಷಗಟ್ಟಲೆ ಪೊಟ್ಯಾಷ್ ಬಿಡುವ ದ್ರಾಕ್ಷಿ, ತರಕಾರಿ ತೋಟಗಳಲ್ಲಿ ನಿಮ್ಮ ಕಥೆಯ ಉಲ್ಟಾ ನಡೆಯಬಹುದು. ಮಣ್ಣಲ್ಲಿ ಪೊಟ್ಯಾಸಿಯಂ ತುಂಬಿ ಮೆಗ್ನೀಸಿಯಂ ಒಳಗೆ ಹೋಗಲು ಬಿಡದೆ, ಎಲೆಯ ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿ ತಿರುಗುತ್ತೆ.

ಜೊಳ್ಳಿಗೂ ಮಲಗೋದಕ್ಕೂ ಪೊಟ್ಯಾಷೇ ಕಾರಣ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಹೊಂದುತ್ತೆ, ಅಷ್ಟೇ. ಪೊಟ್ಯಾಸಿಯಂ ಕಡಿಮೆಯಾದರೆ ದೇಟು ಬಡಕಲಾಗುತ್ತೆ, ಎಲೆಯಲ್ಲಿ ತಯಾರಾದ ಸಕ್ಕರೆ ಕಾಳಿಗೆ ಸರಿಯಾಗಿ ಸಾಗೋದಿಲ್ಲ. ಆದರೆ ಯೂರಿಯಾ ಜಾಸ್ತಿ ಆದರೂ ಪೈರು ಮಲಗುತ್ತೆ. ತೆನೆ ಬಲಿಯುವಾಗ ಮಳೆ ಕೈಕೊಟ್ಟರೂ ಜೊಳ್ಳಾಗುತ್ತೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಮಳೆಯಾಶ್ರಯದ ಹೊಲಗಳ ಮಣ್ಣು ನೋಡಿದಾಗ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತ್ತು. ನಿಮ್ಮ ವರದಿಯ ಆ ಸಾಲುಗಳನ್ನೂ ಓದಿ.

ಗುಮಾನಿ ಬೇಡ ಅಂದರೆ ಹೊಲವನ್ನೇ ಕೇಳಬೇಕು. ಒಂದೇ ಮಟ್ಟದ ಜಾಗದಲ್ಲಿ 5 ಗುಂಟೆಯ ಎರಡು ಪಟ್ಟಿ ಅಳೆದು ಗೂಟ ನೆಡಿ. ಎರಡಕ್ಕೂ ಡಿಎಪಿ, ಯೂರಿಯಾ, ತಳಿ, ಬಿತ್ತನೆ ದಿನ ಎಲ್ಲಾ ಒಂದೇ. ಒಂದಕ್ಕೆ ಮಾತ್ರ ಮೂಟೆಯ ಪೊಟ್ಯಾಷ್ ಗೊಬ್ಬರ 6 ಕೆಜಿ, ಮೂರು ಮೂರು ಕೆಜಿ ಎರಡು ಸಲ. ಎರಡು ತಿಂಗಳಿಗೆ ಕೆಳಗಿನ ಎಲೆ ಕಿತ್ತು ಅಕ್ಕಪಕ್ಕ ಇಟ್ಟು ನೋಡಿ. ಮೊದಲ ವರ್ಷವೇ ಭಾರೀ ವ್ಯತ್ಯಾಸ ಕಾಣದಿದ್ದರೆ ನಿರಾಶೆ ಬೇಡ. ಖಾಲಿಯಾದ ಹಗೇವು ಹೊಸದಾಗಿ ಬಂದದ್ದನ್ನು ಮೊದಲು ತಾನೇ ನುಂಗುತ್ತೆ. ನಿಮ್ಮಂಥ ಮಣ್ಣಿನಲ್ಲಿ ಹಗೇವು ಚಿಕ್ಕದಾದ್ದರಿಂದ ಅದು ಹೆಚ್ಚು ಕಾಲ ನುಂಗೋದಿಲ್ಲ, ಆದರೂ ಎರಡು ಮೂರು ಬೆಳೆ ನೋಡಿ.

ನಿಮ್ಮ ತಂದೆಯವರ ಮಾತು ಅವರ ಕಾಲಕ್ಕೆ ಸರಿಯೇ ಇತ್ತು. ಆಗ ಹಗೇವು ತುಂಬಿತ್ತು, ತಿಪ್ಪೆ ಗೊಬ್ಬರ ಬೀಳುತ್ತಿತ್ತು, ಹುಲ್ಲು ಮನೆ ದನವೇ ತಿಂದು ತಿರುಗಿ ಹೊಲಕ್ಕೆ ಬರುತ್ತಿತ್ತು. ಆಗ ಪೊಟ್ಯಾಷ್ ಹಾಕಿದ್ದರೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಈಗ ಅವರನ್ನೂ ಆ ಪಟ್ಟಿಗಳ ಹತ್ತಿರ ಕರೆದುಕೊಂಡು ಹೋಗಿ. ಒಂದೇ ಒಂದು ಎಚ್ಚರ. ಎಲ್ಲರೂ ಒಕ್ಕಣೆ ಮಾಡಿ ಕಾಳನ್ನು ಮಾತ್ರ ತೂಗುತ್ತಾರೆ. ಪೊಟ್ಯಾಷ್ ಲೆಕ್ಕದ ದೊಡ್ಡ ಪಾಲು ಹುಲ್ಲಿನಲ್ಲಿದೆ. ಎರಡೂ ಪಟ್ಟಿಯ ಹುಲ್ಲನ್ನು ಬೇರೆ ಬೇರೆ ಕಟ್ಟಿ, ತೂಗಿ, ಬರೆದಿಟ್ಟುಕೊಂಡ ಮೇಲೇ ಬಣವೆಗೆ ಹಾಕಿ.